ಟ್ಯಾಂಕರಿನ ಮರೆಯಿಂದ

ಫೆಬ್ರವರಿ ೧೯

ಮಗಳೇ,

ನನ್ನ ಕೈಬರಹದ ಕವರು ನೋಡಿ ಗಾಬರಿಯಾಗಿರಬೇಕು ನಿನಗೆ. ನಾನೂ ನಿಮ್ಮಮ್ಮನೂ ಆರೋಗ್ಯವಾಗಿದ್ದೇವೆ, ಮೊದಲು ಅದನ್ನು ತಿಳಿದುಕೋ. ಫೋನಿನಲ್ಲಿ ನಾವಿಬ್ಬರೂ ಊಟ ಆಯಿತಾ ಎಂದು ಕೇಳಿ, ಆಯಿತು ಎಂದು ಹೇಳಿ, ಫೋನನ್ನು ಅಮ್ಮನಿಗೆ ದಾಟಿಸಿಬಿಡುತ್ತೇವೆ. ಈ ವಿಷಯ ಹಾಗೆ ದಾಟಿಸುವಂಥದ್ದಲ್ಲ. ಕಾಗದವಾದರೆ ನನಗೆ ಸ್ವಲ್ಪ ಸಲೀಸು. ಮೂವತ್ತೆರಡು ವರ್ಷ ವರದಿ ಬರೆದ ಕೈ. ಅಂಚೆ ಕಚೇರಿಯಲ್ಲಿ ಕೂತು ಊರವರ ಕಾಗದವನ್ನೆಲ್ಲ ವಿಂಗಡಿಸುವ ನಿಮ್ಮಮ್ಮನಿಗೂ ಖುಷಿ, ನಮ್ಮ ಮನೆಯಿಂದಲೂ ಒಂದು ಹೊರಟಿತಲ್ಲ ಎಂದು.

ಹೋದ ಗುರುವಾರ ಬೆಳಗ್ಗೆ ಹತ್ತೂಕಾಲರ ಸುಮಾರಿಗೆ ಊರಾಚೆಯ ವರ್ತುಲ ರಸ್ತೆಯಲ್ಲಿ ವಾಹನ ತಪಾಸಣೆಗೆ ನಿಂತಿದ್ದೆವು. ನಾನು, ಇಬ್ಬರು ಪೇದೆಗಳು, ಜೀಪಿನಲ್ಲಿ ಸಬ್ ಇನ್ಸ್‌ಪೆಕ್ಟರ್ ಸಾಹೇಬರು. ಆ ಜಾಗ ನೀನು ನೋಡಿದ್ದೀಯ. ಒಂದು ಮೈಲಿ ಅಳತೆಗೋಲು ಇಟ್ಟಂತೆ ನೇರವಾಗಿ ಬರುವ ರಸ್ತೆ, ನೀರು ಸರಬರಾಜು ಕಚೇರಿಯ ಗೋಡೆಯ ಹತ್ತಿರ ಬಾಗುತ್ತದೆ. ನೇರ ರಸ್ತೆ ಕಂಡರೆ ಬೈಕಿನವರ ಕೈ ಸುಮ್ಮನಿರುವುದಿಲ್ಲ. ಆ ದಿನ ಒಂದು ಬೈಕು ಬಹಳ ವೇಗದಲ್ಲಿ ಬಂತು. ನಾನು ರಸ್ತೆಯ ಅಂಚಿನಲ್ಲಿ ನಿಂತು ಕೈ ತೋರಿಸಿದೆ. ಸವಾರ ಗಾಬರಿಯಾಗಿ ಬಲಕ್ಕೆ ಎಳೆದ. ರಸ್ತೆ ನಡುವಿನ ಕಲ್ಲಿನ ಕಟ್ಟೆಗೆ ಮುಂದಿನ ಚಕ್ರ ತಾಗಿತು.

ಗಂಡ, ಹೆಂಡತಿ. ಗಂಡ ಆಸ್ಪತ್ರೆ ತಲುಪುವ ಮೊದಲೇ ಹೋಗಿಬಿಟ್ಟ. ಮೂವತ್ತೆಂಟು ವರ್ಷವಂತೆ. ಹೆಂಡತಿಯ ಬೆನ್ನಿಗೆ ಪೆಟ್ಟಾಗಿದೆ, ಕಾಲು ಆಡುತ್ತಿಲ್ಲ ಎಂದರು. ಫಿಸಿಯೋಥೆರಪಿ ನಿನ್ನ ವಿದ್ಯೆ. ಅಂಥವರು ಸರಿಹೋಗುತ್ತಾರಾ? ಮನಸ್ಸಿಗೆ ಹಿತವಾಗಲಿ ಎಂದು ಬರೆಯಬೇಡ, ಇದ್ದದ್ದನ್ನು ಇದ್ದ ಹಾಗೆ ಬರೆ.

ನನ್ನ ತಪ್ಪೇನೂ ಇಲ್ಲವೆಂದು ಎಲ್ಲರೂ ಹೇಳುತ್ತಿದ್ದಾರೆ. ನಿಮ್ಮಮ್ಮ ಮೂರನೆಯ ದಿನ, "ಅಡ್ಡ ಹಾಕಿದ್ದು ಸರ್ಕಾರದ ಕೈ ಕಣ್ರೀ, ನಿಮ್ಮದಲ್ಲ. ಊಟಕ್ಕೆ ಬನ್ನಿ," ಅಂದಳು. ಹೋಗಿ ಕೂತೆ. ಸರ್ಕಾರದ ಕೈಯಲ್ಲಿ ಊಟ ಮಾಡುವುದು ಹೇಗೆ ಹೇಳು.

ನಿನ್ನ
ಅಪ್ಪ


ಫೆಬ್ರವರಿ ೨೮

ಅಪ್ಪ,

ಕಾಗದ ತಲುಪಿತು. ಬಸ್ಸಿನಲ್ಲಿ ಒಂದು ಸಲ, ಕೋಣೆಗೆ ಬಂದು ಒಂದು ಸಲ ಓದಿದೆ.

ನೀನು ಕೇಳಿದ್ದಕ್ಕೆ ಮೊದಲು ಉತ್ತರ. ಬೆನ್ನುಹುರಿಗೆ ಎಲ್ಲಿ, ಎಷ್ಟು ಪೆಟ್ಟಾಗಿದೆ ಎನ್ನುವುದರ ಮೇಲೆ ಎಲ್ಲ ನಿಂತಿದೆ. ಪೂರ್ತಿ ತುಂಡಾಗಿದ್ದರೆ ಕಾಲು ಮತ್ತೆ ಬರುವುದಿಲ್ಲ. ನಾವು ಇಲ್ಲಿ ಮಾಡುವುದು ನಡೆಸುವುದನ್ನಲ್ಲ ಅಪ್ಪ, ಹೆಚ್ಚಿನವರಿಗೆ ಕೂರುವುದನ್ನು ಕಲಿಸುತ್ತೇವೆ. ಮಂಚದಿಂದ ಗಾಲಿಕುರ್ಚಿಗೆ, ಗಾಲಿಕುರ್ಚಿಯಿಂದ ಬಚ್ಚಲಿಗೆ ಜಾರುವುದನ್ನು ಕಲಿಸುತ್ತೇವೆ. ಇದ್ದದ್ದನ್ನು ಇದ್ದ ಹಾಗೆ ಬರೆ ಅಂದೆಯಲ್ಲ, ಬರೆದಿದ್ದೇನೆ.

ನನ್ನ ವಾರ್ಡಿನಲ್ಲಿ ಇಪ್ಪತ್ತೆರಡು ಮಂಚಗಳಿವೆ. ಅದರಲ್ಲಿ ಹದಿಮೂರು ಮಂದಿ ಬೈಕಿನಿಂದ ಬಿದ್ದು ಬಂದವರು. ವೇಗ ಏನು ಮಾಡುತ್ತದೆಂದು ದಿನಾ ಅವರನ್ನು ಎತ್ತಿ ಇಳಿಸಿ ತಿಳಿದವಳು ನಾನು. ಹೆಲ್ಮೆಟ್ಟಿನ ಪಟ್ಟಿ ಬಿಗಿದಿಲ್ಲವೆಂದು ನಡುಬೀದಿಯಲ್ಲಿ ಎಲ್ಲರ ಮುಂದೆ ಸ್ವಂತ ಮಗಳನ್ನೇ ನಿಲ್ಲಿಸಿ ಬೈದವನು ನೀನು. ಆವತ್ತು ಒಂದು ವಾರ ನಿನ್ನ ಜೊತೆ ಮಾತು ಬಿಟ್ಟಿದ್ದೆ. ಇಲ್ಲಿಗೆ ಬಂದ ಮೇಲೆ ಆ ಕೋಪ ಇಳಿಯಿತು. ನಿನ್ನಂಥವರು ನಿಲ್ಲಿಸದಿದ್ದರೆ ನನ್ನ ವಾರ್ಡಿಗೆ ಮಂಚ ಸಾಲದು. ಅದನ್ನು ಯೋಚಿಸು.

ರಾತ್ರಿ ಮಾತ್ರೆ ಮರೆಯಬೇಡ. ಮತ್ತೆ ಬರೆ.

ನಿನ್ನ ಮಗಳು


ಮಾರ್ಚ್ ೧೫

ಮಗಳೇ,

ವಿಚಾರಣೆ ಶುರುವಾಗಿದೆ. ಹೇಳಿಕೆ ಬರೆದುಕೊಳ್ಳುವ ರೈಟರ್ ನನ್ನ ಕೈಕೆಳಗೆ ಕೆಲಸ ಕಲಿತವನು. ನಾನು ಹೋಗಿ ಕೂರುವ ಮೊದಲೇ ಎರಡು ಪುಟ ಟೈಪಾಗಿ ಸಿದ್ಧವಾಗಿತ್ತು. "ನೀವು ಹೇಳೋದನ್ನೇ ಹಾಕಿದ್ದೀನಿ ಸರ್, ಸುಮ್ನೆ ತೊಂದ್ರೆ ಯಾಕೆ ನಿಮಗೆ," ಅಂದ. ಓದಿದೆ. ಭಾಷೆ ಬಹಳ ಚೆನ್ನಾಗಿತ್ತು. 'ಸದರಿ ಸಿಬ್ಬಂದಿಯು ರಸ್ತೆಯ ಅಂಚಿನಲ್ಲಿ ಎದ್ದು ಕಾಣುವಂತೆ ನಿಂತು ಸೂಚನೆ ನೀಡಿದಾಗ್ಯೂ ಸವಾರನು ಅತಿವೇಗ ಮತ್ತು ನಿರ್ಲಕ್ಷ್ಯದಿಂದ' ಎಂದು ಹೋಗುತ್ತದೆ ಆ ವಾಕ್ಯ. ನಾನು ಕಲಿಸಿದ ವಾಕ್ಯವೇ ಅದು. ಸಹಿ ಮಾಡಿದೆ.

ಒಂದು ಹೆಜ್ಜೆ ಮುಂದೆ ಬಂದಿರಬಹುದು. ಕೈ ಚಾಚಿದಾಗ ಒಂದು ಹೆಜ್ಜೆ ತಾನಾಗಿಯೇ ಮುಂದೆ ಬರುತ್ತದೆ. ಅದನ್ನೇನೂ ಬರೆಯಬೇಕಾಗಿಲ್ಲ ಅನ್ನಿಸಿತು.

ನನ್ನನ್ನು ರಸ್ತೆಯಿಂದ ತೆಗೆದು ಠಾಣೆಯಲ್ಲಿ ಕೂರಿಸಿದ್ದಾರೆ. ಕಳೆದುಹೋದ ವಸ್ತುಗಳ ಮೇಜು. ಜನ ಬಂದು ಬೀಗದ ಕೈ, ಕೊಡೆ, ಕನ್ನಡಕ ಹುಡುಕುತ್ತಾರೆ. ಸಿಕ್ಕಿದರೆ ನನ್ನನ್ನು ಹೊಗಳುತ್ತಾರೆ, ನಾನೇ ಹುಡುಕಿ ತಂದಂತೆ.

ಎರಡು ವರ್ಷದ ಹಿಂದೆ ಅದೇ ರಸ್ತೆಯಲ್ಲಿ ಹಾಲು ತರಲು ಹೋದ ಅಜ್ಜಿಯೊಬ್ಬರನ್ನು ಬೈಕೊಂದು ಹೊಡೆದುಕೊಂಡು ಹೋಯಿತಲ್ಲ, ನಿನಗೆ ಹೇಳಿದ್ದೆ. ಅದಕ್ಕೂ ಒಂದು ನಿಮಿಷ ಮೊದಲು ಆ ಬೈಕು ನನ್ನ ಮುಂದೆಯೇ ಹಾದುಹೋಗಿತ್ತು. ಇಷ್ಟು ವೇಗಕ್ಕೆ ಕೈ ಅಡ್ಡ ಹಾಕಿದರೆ ಬಿದ್ದಾನು ಎಂದು ನಾನು ಬಿಟ್ಟಿದ್ದೆ. ಸಿಕ್ಕಲೇ ಇಲ್ಲ ಅವನು. ಆ ಅಜ್ಜಿಯನ್ನು ಎತ್ತಿದವನು ನಾನು. ಹಾಲಿನ ಪೊಟ್ಟಣ ಒಡೆಯದೆ ಕೈಯಲ್ಲೇ ಇತ್ತು. ಬಿಟ್ಟಿದ್ದಕ್ಕೆ ಅವರು ಹೋದರು. ಬಿಡದೆ ಇದ್ದಿದ್ದಕ್ಕೆ ಇವನು ಹೋದ. ಹಾಗಾದರೆ ನಾನು ಆ ರಸ್ತೆಯಲ್ಲಿ ಏನು ಮಾಡಬೇಕಿತ್ತು? ನಿಜವಾಗಿಯೂ ಕೇಳುತ್ತಿದ್ದೇನೆ. ಠಾಣೆಯಲ್ಲಿ ಇದನ್ನು ಕೇಳಿದರೆ ಎಲ್ಲರೂ ಟೀ ತರಿಸುತ್ತಾರೆ.

ಆ ಹೆಂಗಸನ್ನು ನೋಡಲೆಂದು ಒಂದು ದಿನ ಮಾಮೂಲು ಬಟ್ಟೆಯಲ್ಲಿ ಆಸ್ಪತ್ರೆಗೆ ಹೋಗಿದ್ದೆ. ಗೇಟಿನ ತನಕ ಹೋದೆ. ಪಾಸು ಕೇಳಿದರು, ರೋಗಿಗೆ ನೀವು ಏನಾಗಬೇಕು ಅಂದರು. ವಾಪಸು ಬಂದೆ.

ಅಪ್ಪ


ಏಪ್ರಿಲ್ ೩

ಅಪ್ಪ,

ಇದನ್ನು ಕೂತು ಓದು.

ಹೋದ ಸೋಮವಾರ ನಮ್ಮ ಕೇಂದ್ರಕ್ಕೆ ಹೊಸ ರೋಗಿಯೊಬ್ಬರು ಬಂದರು. ಬೆನ್ನುಹುರಿಗೆ ಪೆಟ್ಟಾದವರನ್ನು ತಿಂಗಳುಗಟ್ಟಲೆ ಇಟ್ಟುಕೊಂಡು ನೋಡುವ ಜಾಗ ಸುತ್ತಮುತ್ತ ಇದೊಂದೇ, ಎಲ್ಲಿ ಬಿದ್ದವರೂ ಕಡೆಗೆ ಇಲ್ಲಿಗೇ ಬರುತ್ತಾರೆ. ಅದು ಗೊತ್ತಿದ್ದೂ ನನಗೆ ಹೊಳೆದಿರಲಿಲ್ಲ. ಫೈಲು ತೆರೆದರೆ ಅದೇ ತಾರೀಕು, ಅದೇ ರಸ್ತೆ. ಮೇಲಿನವರಿಗೆ ಹೇಳಿ ಬೇರೆಯವರಿಗೆ ವಹಿಸಬೇಕಿತ್ತು. ಹೇಳಲಿಲ್ಲ. ಯಾಕೆಂದು ನನ್ನನ್ನೇ ಕೇಳಿಕೊಂಡೆ. ನಾನು ನೋಡಿಕೊಂಡರೆ ಎಲ್ಲಾದರೂ ಸ್ವಲ್ಪ ತೂಕ ಇಳಿದೀತು ಅಂದುಕೊಂಡೆ ಅನ್ನಿಸುತ್ತದೆ.

ಕನ್ನಡಕದ ಅಂಗಡಿಯಲ್ಲಿ ಗಾಜು ತಿಕ್ಕಿ ಚೌಕಟ್ಟಿಗೆ ಕೂರಿಸುವ ಕೆಲಸ ಅವರದು. ಕೈ ಎಷ್ಟು ಸೂಕ್ಷ್ಮವೆಂದರೆ ಗಾಲಿಕುರ್ಚಿಯ ಸಡಿಲ ಮೊಳೆಯನ್ನು ಬೆರಳಲ್ಲಿ ಮುಟ್ಟಿಯೇ ಹೇಳಿಬಿಟ್ಟರು. ಸೊಂಟದಿಂದ ಕೆಳಗೆ ಸ್ಪರ್ಶವೂ ಇಲ್ಲ, ಚಲನೆಯೂ ಇಲ್ಲ. ನನ್ನನ್ನು ಡಾಕ್ಟ್ರಮ್ಮ ಅನ್ನುತ್ತಾರೆ. ನಾನು ಡಾಕ್ಟರಲ್ಲ ಅಂದರೆ, "ಇರ್ಲಿ ಬಿಡಿ, ನೋಯಿಸೋರೆಲ್ಲ ಡಾಕ್ಟ್ರೇ," ಅಂದರು.

ಗಂಡ ಲಿಫ್ಟ್ ರಿಪೇರಿ ಮಾಡುವವರು. ಆ ಬೆಳಗ್ಗೆ ಒಂದು ಕಟ್ಟಡದ ಲಿಫ್ಟಿನಲ್ಲಿ ವಯಸ್ಸಾದವರೊಬ್ಬರು ಸಿಕ್ಕಿಕೊಂಡಿದ್ದಾರೆ ಎಂದು ಫೋನು ಬಂತಂತೆ. ಉಬ್ಬಸದವರು, ಒಳಗೆ ಗಾಳಿಯಿಲ್ಲ. ಇವರನ್ನು ಅಂಗಡಿಗೆ ಬಿಟ್ಟು ಹಾಗೇ ಹೋಗುವುದೆಂದು ಇಬ್ಬರೂ ಹೊರಟಿದ್ದಾರೆ. ಹಿಂದೆ ಕೂತು ಇವರೇ, "ಬೇಗ ಹೋಗಿ, ಪಾಪ ಒಳಗಿರೋರಿಗೆ ಏನಾದ್ರೂ ಆಗಿಬಿಟ್ರೆ," ಅನ್ನುತ್ತಿದ್ದರಂತೆ. ಅವರು ಮೊದಲೇ ವೇಗದ ಮನುಷ್ಯ, ಇದಕ್ಕೇ ಮನೆಯಲ್ಲಿ ಎಷ್ಟೋ ಸಲ ಜಗಳವಾಗಿತ್ತಂತೆ. "ದಿನಾ ನಿಧಾನ ನಿಧಾನ ಅಂತಿದ್ದೋಳು ಅವತ್ತೊಂದಿನ ಬೇಗ ಅಂದೆ," ಅಂದರು. ಅಳಲಿಲ್ಲ. ಮಂಚದ ಅಂಚು ಹಿಡಿದುಕೊಂಡು, ಮುಂದಿನದು ಏನು ಮಾಡಬೇಕು ಅಂತ ನನ್ನನ್ನೇ ನೋಡಿದರು.

ಅವರಿಗೆ ನೆನಪಿರುವ ಕೊನೆಯ ದೃಶ್ಯ ರಸ್ತೆ ಬದಿಯಲ್ಲಿ ನಿಂತಿದ್ದ ಒಂದು ನೀರಿನ ಟ್ಯಾಂಕರು. ಅದರ ನಲ್ಲಿಯಿಂದ ನೀರು ಸೋರುತ್ತಿತ್ತಂತೆ. ಆಮೇಲೆ ಏನೂ ಗೊತ್ತಿಲ್ಲ.

ಅಪ್ಪ, ಟ್ಯಾಂಕರಿನ ವಿಷಯ ನೀನು ಬರೆದೇ ಇಲ್ಲ. ರಸ್ತೆಯ ಅಂಚಿನಲ್ಲಿ ಟ್ಯಾಂಕರು ನಿಂತಿದ್ದರೆ ನೀನು ಎಲ್ಲಿ ನಿಂತಿದ್ದೆ?

ನಿನ್ನ ಮಗಳು


ಏಪ್ರಿಲ್ ೧೦

ಮಗಳೇ,

ಕಾಗದ ಸಿಕ್ಕಿತು. ಅವರಿಗೆ ನಾನು ಯಾರೆಂದು ಹೇಳಬೇಡ. ನೀನು ಯಾರೆಂದೂ ಹೇಳಬೇಡ. ನಿನ್ನ ಕೆಲಸಕ್ಕೆ ಕುತ್ತು ಬರುವುದು ಬೇಡ, ಅವರನ್ನು ಬೇರೆಯವರಿಗೆ ವಹಿಸಿಬಿಡು.

ಇಲ್ಲಿ ಸೆಕೆ ಜಾಸ್ತಿ. ಮನೆಗೆ ಸುಣ್ಣ ಹೊಡೆಸಬೇಕೆಂದು ಅಮ್ಮ ಹೇಳುತ್ತಿದ್ದಾಳೆ. ಯಾವ ಬಣ್ಣ ಎಂದು ನೀನೇ ತಿಳಿಸು.

ಅಪ್ಪ


ಮೇ ೨

ಅಪ್ಪ,

ಬಣ್ಣ ಯಾವುದಾದರೂ ಸರಿ.

ಮೂರು ವಾರ ಬರೆಯಲಿಲ್ಲ, ಏನು ಬರೆಯಬೇಕೋ ತಿಳಿಯಲಿಲ್ಲ. ಅವರನ್ನು ಬೇರೆಯವರಿಗೆ ವಹಿಸಲಿಲ್ಲ. ಈಗ ಆಸರೆಯಿಲ್ಲದೆ ಒಂದು ನಿಮಿಷ ಕೂರುತ್ತಾರೆ. ಎರಡು ಕೈಯನ್ನೂ ಮಂಚದಿಂದ ಎತ್ತಿ, ಎದುರಿಗೆ ಚಾಚಿ, ಬೀಳದೆ ಒಂದು ನಿಮಿಷ. ನೀನೊಮ್ಮೆ ಹಾಗೆ ಕೈ ಚಾಚಿ ಕೂತು ನೋಡು, ಸೊಂಟವೇ ಇಲ್ಲವೆಂದುಕೊಂಡು. ಮೊದಲ ದಿನ ಹನ್ನೊಂದು ಸಲ ನನ್ನ ಭುಜದ ಮೇಲೆ ಬಿದ್ದರು.

ಮೊನ್ನೆ ಅವರಿಗೆ ವಿಚಾರಣೆಯ ವರದಿಯ ಪ್ರತಿ ಬಂತು. ಓದಿ ಮುಗಿಸಿ ನೀಟಾಗಿ ನಾಲ್ಕು ಮಡಿಕೆ ಮಡಿಸಿ ದಿಂಬಿನ ಕೆಳಗಿಟ್ಟರು. ಆಮೇಲೆ ನನಗೆ ಹೇಳಿದರು, "ಪೊಲೀಸರು ಅಂಚಲ್ಲೇ ಇದ್ರಂತೆ, ಚೆನ್ನಾಗಿ ಕಾಣೋ ಹಾಗೆ. ಅಡ್ಡ ಯಾರೂ ಬಂದಿಲ್ಲ. ಹಾಗಾದ್ರೆ ಅವರನ್ನ ಬೀಳಿಸಿದ್ದು ನಾನೇ ಅಲ್ವಾ ಡಾಕ್ಟ್ರಮ್ಮ."

ನಾನು ಅವರ ಕಾಲನ್ನು ಹಿಡಿದು ಮಡಿಸುತ್ತಿದ್ದೆ. ಹಾಗೇ ಮಡಿಸುತ್ತಾ ಇದ್ದೆ. ಹತ್ತು ಸಲ ಮಾಡಬೇಕಾದ್ದನ್ನು ಎಷ್ಟು ಸಲ ಮಾಡಿದೆನೋ. ಅವರಿಗೆ ಅದು ತಿಳಿಯುವುದೂ ಇಲ್ಲ.

ಸುಳ್ಳು ಹೇಳುವವನಲ್ಲ ನೀನು. ಆದ್ದರಿಂದಲೇ ನಿನಗೆ ಅದು ಚೆನ್ನಾಗಿ ಬರುವುದಿಲ್ಲ. ಮೊದಲು ಅಂಚಿನಲ್ಲಿದ್ದೆ, ಆಮೇಲೆ ಒಂದು ಹೆಜ್ಜೆ, ಆಮೇಲೆ ಸುಣ್ಣ. ಎಷ್ಟು ಹೆಜ್ಜೆ ಅಪ್ಪ?

ಮಗಳು


ಮೇ ೧೩

ಮಗಳೇ,

ಮೂರು.

ಇದಿಷ್ಟನ್ನೇ ಬರೆದು ಕಳಿಸಿಬಿಡಬೇಕೆಂದು ಕೂತೆ. ಆದರೆ ಪೂರ್ತಿ ಬರೆಯುತ್ತೇನೆ, ನಿನಗಾದರೂ ಒಂದು ಸರಿಯಾದ ಹೇಳಿಕೆ ಇರಲಿ.

ಆ ದಿನ ಬೆಳಗ್ಗೆಯಿಂದ ಮೂರು ಬೈಕು ನಮ್ಮನ್ನು ದೂರದಿಂದಲೇ ನೋಡಿ ತಿರುಗಿಸಿಕೊಂಡು ಹೋಗಿದ್ದವು. ಸಾಹೇಬರಿಗೆ ಸಿಟ್ಟು ಬಂದಿತ್ತು. ಇನ್ನು ಮುಂದೆ ಒಬ್ಬನೂ ತಪ್ಪಿಸಿಕೊಳ್ಳಕೂಡದು, ಕಾಣುವ ಹಾಗೆ ನಿಂತರೆ ಯಾರು ಸಿಕ್ಕುತ್ತಾರೆ ಅಂದರು. ನೀರಿನ ಕಚೇರಿಯ ಟ್ಯಾಂಕರು ಅಲ್ಲೇ ನಿಂತಿತ್ತು. ಅದರ ಮರೆಗೆ ನಿಲ್ಲಲು ಹೇಳಿದರು. ನೂರು ಗಜ ಮುಂಚೆ 'ತಪಾಸಣೆ ಇದೆ, ನಿಧಾನ' ಎಂಬ ಫಲಕ ಇಡಬೇಕೆಂದು ನಿಯಮವಿದೆ. ಫಲಕ ಜೀಪಿನ ಹಿಂಬದಿಯಲ್ಲಿ ಮಲಗಿತ್ತು. ಅದನ್ನು ಇಳಿಸೋಣವೇ ಎಂದು ನಾನು ಕೇಳಲಿಲ್ಲ. ಕೇಳಬಹುದಿತ್ತು. ಅವರಿಗಿಂತ ಹದಿನೆಂಟು ವರ್ಷ ಹೆಚ್ಚು ರಸ್ತೆ ನೋಡಿದವನು ನಾನು.

ಟ್ಯಾಂಕರಿನ ಹಿಂದಿನಿಂದ ಬೈಕು ಕಾಣಿಸುವುದಿಲ್ಲ, ಸದ್ದು ಕೇಳಿಸುತ್ತದೆ ಅಷ್ಟೆ. ಸಾಹೇಬರು ಜೀಪಿನಿಂದ, "ಬರ್ತಿದೆ, ಬಿಡಬೇಡ್ರೀ," ಅಂದರು. ಆ ಹಾಲಿನ ಅಜ್ಜಿ ನೆನಪಾದರು ಎಂದು ಬರೆಯಬಹುದು, ಬರೆದರೆ ನನಗೂ ಹಿತ. ಆದರೆ ನೆನಪಾಗಲಿಲ್ಲ. ಬಿಡಬಾರದು ಅನ್ನುವುದೊಂದೇ ತಲೆಯಲ್ಲಿತ್ತು. ಲಾಠಿ ಎತ್ತಿಕೊಂಡು ಮೂರು ಹೆಜ್ಜೆ ರಸ್ತೆಯೊಳಗೆ ಹೋದೆ. ನನಗೂ ಬೈಕಿಗೂ ನಡುವೆ ಈ ಮನೆಯ ಹಜಾರದಷ್ಟು ಜಾಗವಿತ್ತು. ಲಾಠಿ ಅವರಿಗೆ ತಾಗಲಿಲ್ಲ. ತಾಗಲಿಲ್ಲವೆಂದು ಎಲ್ಲರೂ ನನಗೆ ಸಮಾಧಾನ ಹೇಳಿದರು.

ನಿನ್ನ ಕಾಗದ ಬಂದ ಮರುದಿನ ಹಿರಿಯ ಅಧಿಕಾರಿಯ ಹತ್ತಿರ ಹೋದೆ. ಇದನ್ನೆಲ್ಲ ಬರೆದುಕೊಂಡು ಹೋಗಿದ್ದೆ, ನಾಲ್ಕು ಪುಟ. ಅವರು ಒಳ್ಳೆಯವರು. ಕುರ್ಚಿ ಕೊಟ್ಟು ಕೂರಿಸಿದರು. ಓದಿದರು. ಆಮೇಲೆ, "ಇದರಿಂದ ಯಾರಿಗೆ ಏನು ಬರುತ್ತೆ ಹೇಳಿ? ಸತ್ತೋರು ಬರ್ತಾರಾ? ನಾಳೆಯಿಂದ ನಮ್ಮ ಹುಡುಗರು ಯಾರೂ ಕೈ ತೋರಿಸೋದೇ ಇಲ್ಲ. ಎಲ್ಲರೂ ಎಂಬತ್ತರಲ್ಲಿ ಹೋಗ್ತಾರೆ, ಆಮೇಲೆ ನೋಡಿ," ಅಂದರು. ಅದರಲ್ಲೂ ಸುಳ್ಳಿರಲಿಲ್ಲ. ವಿಚಾರಣೆ ಮುಗಿದಿದೆಯಂತೆ, ಫೈಲು ಮೇಲಕ್ಕೆ ಹೋಗಿದೆಯಂತೆ. ಮನಸ್ಸಿಗೆ ಬಹಳ ಹಚ್ಚಿಕೊಂಡಿದ್ದೀರಿ, ಒಂದು ತಿಂಗಳು ರಜೆ ತೆಗೆದುಕೊಳ್ಳಿ ಎಂದು ಅವರೇ ಅರ್ಜಿ ತರಿಸಿದರು. ನನ್ನ ನಾಲ್ಕು ಪುಟವನ್ನು ಆ ಅರ್ಜಿಗೆ ಲಗತ್ತಿಸಿದರು, ರಜೆಗೆ ಕಾರಣ ಎಂದು.

ಈಗ ಮನೆಯಲ್ಲಿದ್ದೇನೆ. ನಿಮ್ಮಮ್ಮ ಕೆಲಸಕ್ಕೆ ಹೋದ ಮೇಲೆ ಗೋಡೆಗೆ ಸುಣ್ಣ ಹೊಡೆಯುವವರು ಬರುತ್ತಾರೆ. ಅವರು ಕೆಲಸ ಮಾಡುವುದನ್ನು ನೋಡುತ್ತಾ ಕೂರುತ್ತೇನೆ.

ಅವರಿಗೆ ಹೇಳುವುದಿದ್ದರೆ ಹೇಳು. ನಾನು ಬೇಡವೆನ್ನುವುದಿಲ್ಲ.

ಅಪ್ಪ


ಜೂನ್ ೨೬

ಅಪ್ಪ,

ಹೇಳಿದೆ. ಹೇಳಿ ಮೂರು ವಾರವಾಯಿತು.

ವ್ಯಾಯಾಮದ ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಮೊದಲು ನೀನು ಬರೆದದ್ದನ್ನು ಹೇಳಿದೆ: ಟ್ಯಾಂಕರು, ಫಲಕ, ಮೂರು ಹೆಜ್ಜೆ, ರಜೆ ಅರ್ಜಿಗೆ ಸೇರಿದ ನಾಲ್ಕು ಪುಟ. ಅವರು ಕೇಳಿಸಿಕೊಂಡು, ಇದೆಲ್ಲ ನಿಮಗೆ ಹೇಗೆ ಗೊತ್ತು ಅಂದರು. "ಆ ಪೊಲೀಸ್‌ನವರು ನಮ್ಮಪ್ಪ," ಅಂದೆ.

ಕುರ್ಚಿಯ ಚಕ್ರ ತಿರುಗಿಸಿಕೊಂಡು ಬಾಗಿಲ ಕಡೆ ಹೊರಟರು. ಹೊಸ್ತಿಲ ಏರಿನಲ್ಲಿ ಚಕ್ರ ಸಿಕ್ಕಿಕೊಂಡಿತು. ನಾನು ತಳ್ಳಲು ಹೋದೆ. "ಬೇಡ," ಅಂದರು. ನಾಲ್ಕು ಸಲ ಹಿಂದೆ ಮುಂದೆ ಮಾಡಿ ತಾವೇ ದಾಟಿಸಿಕೊಂಡು ಹೋದರು. ದಾಟಿಸುವುದನ್ನು ನಾನೇ ಕಲಿಸಿದ್ದೆ.

ಮರುದಿನ ಬೇರೆ ಫಿಸಿಯೋ ಬೇಕೆಂದು ಬರೆದುಕೊಟ್ಟರು. ಕಾರಣ ಕೇಳಿದಾಗ ಏನೂ ಹೇಳಲಿಲ್ಲವಂತೆ. ನನ್ನನ್ನು ಕರೆಸಿ ಕೇಳಿದರು, ನಾನೇ ಎಲ್ಲ ಹೇಳಿದೆ. ಮುಚ್ಚಿಟ್ಟಿದ್ದಕ್ಕೆ ನೋಟೀಸು ಕೊಟ್ಟು ಬೇರೆ ವಾರ್ಡಿಗೆ ಹಾಕಿದ್ದಾರೆ. ಅದು ಸರಿಯೇ. ಅದಕ್ಕಾಗಿ ನೀನು ಕೊರಗಬೇಡ, ನಿನ್ನ ಪಾಲಿಗೆ ಇರುವುದೇ ಸಾಕು.

ಆ ಕಡೆಗೆ ಹೋಗುವಾಗ ಒಂದೆರಡು ಸಲ ದೂರದಿಂದ ಕಂಡೆ. ಹೊಸಬಳು ಅವರನ್ನು ಮಂಚದಿಂದ ಕುರ್ಚಿಗೆ ಎತ್ತುವಾಗ ಎಡಭುಜ ಹಿಡಿಯುತ್ತಾಳೆ, ಅದು ನೋಯುವ ಭುಜ. ಹೇಳಿ ಬರೋಣವೆಂದು ಎರಡು ಹೆಜ್ಜೆ ಹೋಗಿ ವಾಪಸು ಬಂದೆ.

ನಿನ್ನೆ ಅವರು ನರ್ಸಿನ ಕೈಯಲ್ಲಿ ಒಂದು ಕಾಗದ ಕಳಿಸಿದರು. ಮೇಲೆ ನಿನ್ನ ಹುದ್ದೆ ಬರೆದಿದೆ. ನಾನು ತೆರೆದಿಲ್ಲ. ಇದರೊಳಗೆ ಇಟ್ಟಿದ್ದೇನೆ.

ನಿನ್ನ ಮಗಳು


ಜೂನ್ ೨೫

ಹೆಡ್ ಕಾನ್‌ಸ್ಟೆಬಲ್ ಅವರಿಗೆ,

ನಿಮ್ಮನ್ನು ಏನೆಂದು ಕರೆದು ಬರೆಯಬೇಕೋ ಗೊತ್ತಾಗದೆ ಹೀಗೆ ಬರೆದಿದ್ದೇನೆ.

ನಿಮ್ಮ ಮಗಳು ಹೇಳಿದ ದಿನ ನನಗೆ ಅವರ ಮೇಲೆ ಬಂದಷ್ಟು ಕೋಪ ನಿಮ್ಮ ಮೇಲೂ ಬರಲಿಲ್ಲ. ಎರಡು ತಿಂಗಳು ನನ್ನ ಮೈಯನ್ನು ಅವರು ತಿಕ್ಕಿದ ಗಾಜಿನಂತೆ ಜೋಪಾನ ಮಾಡಿದ್ದರು. ಅದು ನನಗೋಸ್ಕರ ಅಂದುಕೊಂಡಿದ್ದೆ. ನಿಮಗೋಸ್ಕರವೂ ಇತ್ತು ಎಂದು ತಿಳಿದಾಗ ಅಷ್ಟನ್ನೂ ವಾಪಸು ಕೊಟ್ಟುಬಿಡಬೇಕು ಅನ್ನಿಸಿತು. ಹೇಗೆ ಕೊಡುವುದು? ಅವರು ಕಲಿಸಿದ ಹಾಗೆಯೇ ಕೂರುತ್ತಿದ್ದೇನೆ, ಈಗ ಬರೆಯುತ್ತಿರುವುದೂ ಹಾಗೆ ಕೂತೇ.

ಹೋದ ವಾರ ನಮ್ಮವರ ಜೊತೆ ಕೆಲಸ ಮಾಡುತ್ತಿದ್ದವರು ನೋಡಲು ಬಂದಿದ್ದರು. ಮಾತಿಗೆ ಮಾತು ಬಂದು ಒಂದು ವಿಷಯ ಬಾಯಿಬಿಟ್ಟರು. ಲಿಫ್ಟಿನಲ್ಲಿ ಸಿಕ್ಕಿಕೊಂಡಿದ್ದ ಹಿರಿಯರನ್ನು ಆ ಕಟ್ಟಡದ ಕಾವಲುಗಾರ ಬಾಗಿಲು ಮೀಟಿ ಆಗಲೇ ಹೊರಗೆ ಕರೆತಂದಿದ್ದನಂತೆ. ನಾವು ಮನೆ ಬಿಡುವ ಮೊದಲೇ. ಇನ್ನು ಬರಬೇಕಾಗಿಲ್ಲ ಎಂದು ಫೋನು ಮಾಡಲು ಯಾರಿಗೂ ತೋಚಲಿಲ್ಲ. ಅವರ ಮೇಲೂ ಕೋಪ ಮಾಡಿಕೊಂಡು ನೋಡಿದೆ. ಒಂದು ದಿನ ಉಳಿಯಿತು, ಆಮೇಲೆ ಉಳಿಯಲಿಲ್ಲ. ನಿಮ್ಮ ಸಾಹೇಬರ ಮೇಲೆ, ಟ್ಯಾಂಕರು ನಿಲ್ಲಿಸಿದವನ ಮೇಲೆ, ನಮ್ಮವರ ಮೇಲೆ. ಎಷ್ಟು ಸಲ ಹೇಳಿದ್ದೆ ಅವರಿಗೆ, ಈ ಗಾಡಿ ನನ್ನನ್ನು ವಿಧವೆ ಮಾಡುತ್ತದೆ ಎಂದು. ಹಾಗೆ ಹೇಳಿದವಳೇ ಆವತ್ತು ಬೆನ್ನು ತಟ್ಟಿ ಓಡಿಸಿದೆ. ಎಲ್ಲಿ ಸುತ್ತಿದರೂ ಕಡೆಗೆ ನನ್ನ ಹತ್ತಿರವೇ ಬಂದು ನಿಲ್ಲುತ್ತದೆ.

ನಿಮ್ಮನ್ನು ಕ್ಷಮಿಸಿದ್ದೇನೆ ಎಂದು ಬರೆಯಲು ಕೂತವಳಲ್ಲ ನಾನು. ಅದು ನನ್ನಿಂದ ಆಗುವುದೋ ಇಲ್ಲವೋ ತಿಳಿಯದು. ನೀವು ನಿಜ ಬರೆದುಕೊಟ್ಟಿರಿ ಎಂದು ನಿಮ್ಮ ಮಗಳು ಹೇಳಿದರು. ಅದನ್ನು ರಜೆ ಅರ್ಜಿಗೆ ಸೇರಿಸಿದರು ಎಂದಾಗ ನನಗೆ ನಗು ಬಂತು. ಬಹಳ ದಿನದ ಮೇಲೆ.

ಒಂದು ವಿಷಯ ಕೇಳಬೇಕಿತ್ತು. ನನಗೆ ಎಚ್ಚರ ತಪ್ಪಿತ್ತು. ಅವರಿಗೆ ಸ್ವಲ್ಪ ಹೊತ್ತು ಎಚ್ಚರವಿತ್ತೆಂದು ಆಂಬುಲೆನ್ಸಿನವರು ಹೇಳಿದರಂತೆ. ಹತ್ತಿರ ಇದ್ದವರು ನೀವೊಬ್ಬರೇ. ಅವರು ಏನಾದರೂ ಅಂದರಾ? ನನಗೆ ಸಮಾಧಾನವಾಗಲಿ ಎಂದು ಏನೂ ಸೇರಿಸಬೇಡಿ. ಏನೂ ಅನ್ನದಿದ್ದರೆ ಇಲ್ಲ ಎಂದು ಬರೆಯಿರಿ ಸಾಕು.

ಇಂತಿ,
ಬೈಕಿನ ಹಿಂದೆ ಕೂತಿದ್ದವಳು


ಜುಲೈ ೧೧

ಅಮ್ಮಾ,

ನಿಮ್ಮ ಕಾಗದ ಬಂದು ಹತ್ತು ದಿನವಾಯಿತು. ಪ್ರತಿದಿನ ಉತ್ತರ ಬರೆದಿದ್ದೇನೆ. ಇದನ್ನು ಕಳಿಸುತ್ತೇನೆ.

ಮಾತಾಡಿದರು. ಎರಡು ಮಾತು. ಇದನ್ನು ನಾನು ಯಾವ ಹೇಳಿಕೆಯಲ್ಲೂ ಬರೆದಿಲ್ಲ, ಆ ನಾಲ್ಕು ಪುಟದಲ್ಲೂ ಬರೆದಿಲ್ಲ. ಮಗಳಿಗೂ ಹೇಳಿಲ್ಲ, ಮನೆಯಲ್ಲೂ ಹೇಳಿಲ್ಲ.

ನೀವು ಕಟ್ಟೆಯ ಆ ಕಡೆ ಬಿದ್ದಿದ್ದಿರಿ, ಅವರು ಈ ಕಡೆ. ನಾನು ಓಡಿಹೋಗಿ ಅವರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಹೆಲ್ಮೆಟ್ಟಿನ ಗಾಜು ಮೇಲೆತ್ತಿದೆ. ಅವರು ಮೊದಲು ಕೇಳಿದ್ದು ನಿಮ್ಮನ್ನು. "ಅವಳು?" ಅಂದರು. ಪೇದೆ ಆಗಲೇ ನಿಮ್ಮ ನಾಡಿ ನೋಡಿ ಕೈ ಎತ್ತಿ ತೋರಿಸಿದ್ದ. "ಇದ್ದಾರೆ," ಅಂದೆ. ಕೇಳಿಸಿತು ಅವರಿಗೆ. ಕಣ್ಣು ಮುಚ್ಚಿ ತೆರೆದರು.

ಆಮೇಲೆ ನನ್ನ ಮುಖ ನೋಡಿ, "ನಿಲ್ಲಿಸ್ತಾ ಇದ್ದೆ ಸರ್," ಅಂದರು.

ಅದನ್ನು ನಾನು ನಂಬಿರಲಿಲ್ಲ. ಸಿಕ್ಕಿಬಿದ್ದವರೆಲ್ಲ ಹಾಗೇ ಅನ್ನುತ್ತಾರೆ, ಮೂವತ್ತೆರಡು ವರ್ಷ ಕೇಳಿದ ಮಾತು. ಆದರೆ ನಿಮ್ಮಿಬ್ಬರನ್ನೂ ಕಳಿಸಿಕೊಟ್ಟ ಮೇಲೆ ರಸ್ತೆಯ ಮೇಲೆ ಹಿಂದಕ್ಕೆ ನಡೆದುಕೊಂಡು ಹೋದೆ. ಟೈರಿನ ಕಪ್ಪು ಗೆರೆ ನಾನು ನಿಂತಲ್ಲಿಂದ ಶುರುವಾಗಿರಲಿಲ್ಲ. ಇಪ್ಪತ್ತಾರು ಹೆಜ್ಜೆ ಹಿಂದಿನಿಂದ ಶುರುವಾಗಿತ್ತು. ದೂರದಿಂದಲೇ ಜೀಪು ಕಂಡು ಅವರು ಬ್ರೇಕು ಹಿಡಿದಿದ್ದರು. ಟ್ಯಾಂಕರಿನ ಮರೆಯಲ್ಲಿದ್ದ ನನಗೆ ಅದು ಕಾಣಲಿಲ್ಲ. ನಾನು ಇದ್ದಲ್ಲೇ ಇದ್ದಿದ್ದರೆ ಗಾಡಿ ನಿಲ್ಲುತ್ತಿತ್ತು. ಮಧ್ಯಾಹ್ನ ಸಾಹೇಬರು ಹೇಳಿದರೆಂದು ಟ್ಯಾಂಕರಿನವನು ರಸ್ತೆಗೆ ನೀರು ಬಿಟ್ಟು ತೊಳೆದ. ಅಳತೆ ತೆಗೆಯುವವರು ಬಂದಾಗ ಗೆರೆ ಇರಲಿಲ್ಲ. ನಾನೂ ಅಲ್ಲೇ ನಿಂತಿದ್ದೆ, ಬಾಯಿ ಬಿಡಲಿಲ್ಲ.

ನಿಮ್ಮವರು ನಿಮ್ಮ ಮಾತು ಕೇಳಿ ವೇಗವಾಗಿ ಹೋದದ್ದು ಇರಬಹುದು. ನಿಲ್ಲಿಸಬೇಕಾದಲ್ಲಿ ನಿಲ್ಲಿಸಲು ಹೊರಟಿದ್ದರು, ಅದೂ ನಿಜ.

ಅವರು ಆ ಮಾತು ಎರಡು ಸಲ ಅಂದರು. ನಾನು ನಂಬಿದೆ ಎನ್ನಲಿ ಎಂದು ಕಾಯುತ್ತಿದ್ದಂತೆ ನನ್ನನ್ನೇ ನೋಡುತ್ತಿದ್ದರು. ಆಂಬುಲೆನ್ಸು ಬರಲು ಹನ್ನೆರಡು ನಿಮಿಷವಾಯಿತು. ಅಷ್ಟರಲ್ಲಿ ಗೊತ್ತಾಯಿತಪ್ಪ ಎಂದು ಒಂದು ಮಾತು ಹೇಳಬಹುದಿತ್ತು. ಮಾತಾಡಬೇಡಿ, ಸುಮ್ಮನೆ ಮಲಗಿ ಅಂದೆ. ಅವರು ಸುಮ್ಮನಾದರು.

ಆ ಹೆಡ್ ಕಾನ್‌ಸ್ಟೆಬಲ್